ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಓದಬೇಕಾ? ನೀರಿನ ದಾರಿಯಿಂದ ಶುರು ಮಾಡಿ

ಮೊದಲು ಒಂದು ಕೆಲಸ ಮಾಡಿ. ಜೋರು ಮಳೆ ಬಂದ ಮಾರನೇ ದಿನ ಬೆಳಿಗ್ಗೆ ಚಿತ್ರದುರ್ಗದ ಕೋಟೆ ಹತ್ತಿ. ಓಬವ್ವನ ಕಿಂಡಿ, ಗುಡಿಗಳು ಎಲ್ಲ ಆಮೇಲೆ ನೋಡಬಹುದು. ಸೀದಾ ಗೋಪಾಲಸ್ವಾಮಿ ಹೊಂಡಕ್ಕೆ ಹೋಗಿ. ಬಂಡೆ ಮೇಲೆ ಬಿದ್ದ ನೀರು ಯಾವ ಕಡೆಯಿಂದ ಇಳಿದು ಬರುತ್ತಿದೆ, ಹೊಂಡ ತುಂಬಿದ ಮೇಲೆ ಎಲ್ಲಿಂದ ಆಚೆ ಹೋಗುತ್ತದೆ, ನಿಂತು ನೋಡಿ. ಆಮೇಲೆ ನೀರಿನ ಜೊತೆಗೇ ಕೆಳಗಿಳಿಯಿರಿ. ಗೋಪಾಲಸ್ವಾಮಿ ಹೊಂಡದ ಹೆಚ್ಚುವರಿ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರಿನ ಸಂತೆ ಹೊಂಡಕ್ಕೆ.

ಈಗ ಒಂದು ಹಾಳೆ ತೆಗೆದುಕೊಳ್ಳಿ. ಬೆಟ್ಟವನ್ನು ಚಾಕುವಿನಿಂದ ಸೀಳಿ ಪಕ್ಕದಿಂದ ನೋಡಿದ ಹಾಗೆ ಆ ಇಳಿಜಾರನ್ನು ಬರೆಯಿರಿ. ಮೇಲೆ ಬಂಡೆ, ನಡುವೆ ಹೊಂಡಗಳು, ಕೆಳಗೆ ಊರು. ನೀರಿಗೆ ಬಾಣದ ಗುರುತು ಹಾಕಿ. ಇದನ್ನೇ ನಾವು ಸೆಕ್ಷನ್ ಅನ್ನೋದು. ಚಂದ ಬರಬೇಕಿಲ್ಲ. ಯಾವುದು ಎತ್ತರ, ಯಾವುದು ತಗ್ಗು ಅನ್ನೋದು ಸರಿಯಾಗಿ ಬಂದರೆ ಸಾಕು. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್ ಅಂದರೆ ಕಟ್ಟಡದ ಹೊರಗಿನ ನೆಲ, ನೀರು, ಗಿಡಮರಗಳನ್ನು ರೂಪಿಸುವ ವಿದ್ಯೆ. ಅದರಲ್ಲಿ ಮುಂದೆ ನೀವು ಬರೆಯುವ ನೂರಾರು ಚಿತ್ರಗಳ ಬೇರು ಇಲ್ಲಿದೆ.

ನನ್ನದು ಹೊಳಲ್ಕೆರೆ ಕಡೆಯ ಹಳ್ಳಿ. ಬೆಂಗಳೂರಿನಲ್ಲಿ ಬಿ.ಆರ್ಕ್ (ಕಟ್ಟಡ ವಿನ್ಯಾಸದ ಪದವಿ), ಆಮೇಲೆ ಲ್ಯಾಂಡ್‌ಸ್ಕೇಪ್‌ನಲ್ಲಿ ಮಾಸ್ಟರ್ಸ್ ಮಾಡಿದೆ. ಈಗ ಚಿತ್ರದುರ್ಗ, ದಾವಣಗೆರೆ ನಡುವೆ ಓಡಾಡಿಕೊಂಡು ಶಾಲೆ ಅಂಗಳ, ಸಣ್ಣ ಕೆರೆ, ಕಾಲೇಜು ಆವರಣಗಳ ಕೆಲಸ ಮಾಡುತ್ತೇನೆ. ಈ ಓದಿನ ಬಗ್ಗೆ ಕೇಳಿಕೊಂಡು ಬರುವ ಹುಡುಗ ಹುಡುಗಿಯರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನವರು ಕೇಳೋದು ಒಂದೇ: 'ಸಸ್ಟೈನಬಿಲಿಟಿ (ಪರಿಸರ ಕೆಡಿಸದೆ ಬಾಳುವ ಬಗೆ) ಕಲಿಯಬೇಕು ಅಂದ್ರೆ ಹೊರದೇಶಕ್ಕೇ ಹೋಗಬೇಕಾ?' ಹೋಗಬಹುದು, ಒಳ್ಳೆಯದೇ. ಆದರೆ ಬರಗಾಲದ ಸೀಮೆಯ ನೀರನ್ನು ಓದಲು ಕಲಿತು ಹೋದವರಿಗೆ ಅಲ್ಲಿ ಸಿಗುವ ಪಾಠವೇ ಬೇರೆ. ಸುಮ್ನೆ ಹೋದವರು ಚಂದದ ಪಾರ್ಕಿನ ಫೋಟೋ ತೆಗೆದುಕೊಂಡು ಬರುತ್ತಾರೆ.

ಲೆಕ್ಕ ಬಿಡಬೇಡಿ

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದು ಸಾಲು ಬಾಯಿಪಾಠ ಮಾಡಿ. ಮೂವತ್ತು-ನಲವತ್ತರ ಸೈಟ್ ಎಂದರೆ ಸುಮಾರು 111 ಚದರ ಮೀಟರ್. 25 ಮಿ.ಮೀ. ಮಳೆ ಬಿದ್ದ ಒಂದು ಸಂಜೆ ಅದರ ಮೇಲೆ ಸುಮಾರು 2,800 ಲೀಟರ್ ಬೀಳುತ್ತದೆ. ವರ್ಷಕ್ಕೆ 550 ಮಿ.ಮೀ. ಮಳೆ ಎಂದು ಹಿಡಿಯಿರಿ. ನಮ್ಮ ಕಡೆಗೆ ಇದು ಹತ್ತಿರದ ಅಂದಾಜು. ಆಗ ಆ ಪುಟ್ಟ ಸೈಟ್ ಮೇಲೆ ಸುಮಾರು 61,000 ಲೀಟರ್ ಬಿತ್ತು ಅಂತಾಯಿತು.

ಈಗ ಅದೇ ಅಳತೆಯ ಜಾಗದಲ್ಲಿ ಲಾನ್ ಹಾಕಿ ನೋಡಿ. ನಮ್ಮ ಬೇಸಿಗೆಯಲ್ಲಿ ಹುಲ್ಲು ಹಸಿರಾಗಿರಬೇಕಾದರೆ ಚದರ ಮೀಟರಿಗೆ ದಿನಕ್ಕೆ ಐದು ಲೀಟರ್ ಆಸುಪಾಸು ಬೇಕು. 111 ಚದರ ಮೀಟರಿಗೆ ದಿನಕ್ಕೆ 550 ಲೀಟರ್. ನೂರು ದಿನದ ಬೇಸಿಗೆಗೆ 55,000 ಲೀಟರ್. ಅಂದರೆ ವರ್ಷವಿಡೀ ಬಿದ್ದ ಮಳೆಯ ಬಹುಪಾಲಿನಷ್ಟು ನೀರು ಬೇಸಿಗೆಯ ಹುಲ್ಲಿಗೇ ಬೇಕು. ಆ ನೀರು ಬೋರ್‌ವೆಲ್‌ನಿಂದಲೇ ಬರಬೇಕು, ಅಲ್ವಾ? ಹಿರಿಯೂರು, ಚಳ್ಳಕೆರೆ ಕಡೆ ಬೋರ್ ಕೊರೆಸಿ ಸೋತವರ ಮನೆಗೆ ಹೋಗಿ ಬನ್ನಿ. ಲಾನ್ ಬಗ್ಗೆ ನಿಮ್ಮ ಅಭಿಪ್ರಾಯ ತಾನಾಗೇ ಗಟ್ಟಿಯಾಗುತ್ತದೆ.

ಓದಿನ ಐದು ವರ್ಷವೂ, ಆಮೇಲೂ, ಯಾವ ಡಿಸೈನ್ ಬರೆದರೂ ಇಂಥ ಒಂದು ಲೆಕ್ಕ ಪಕ್ಕದಲ್ಲಿರಲಿ. ಎಷ್ಟು ನೀರು ಬೀಳುತ್ತದೆ, ಎಷ್ಟು ಇಂಗುತ್ತದೆ, ಎಷ್ಟು ಹರಿದು ಹೋಗುತ್ತದೆ, ಗಿಡ ಎಷ್ಟು ಕುಡಿಯುತ್ತದೆ. ನಿಮ್ಮ ಡಿಸೈನ್ ಪರೀಕ್ಷಿಸುವ ಜ್ಯೂರಿಯಲ್ಲಿ ಬಣ್ಣದ ಪ್ಲಾನ್ ಎಲ್ಲರದ್ದೂ ಇರುತ್ತದೆ. ಲೆಕ್ಕ ಇಟ್ಟುಕೊಂಡವರು ಮಾತಾಡುವಾಗ ಧೈರ್ಯ ಇರುತ್ತದೆ.

ನಕ್ಷೆ ಮಾಡಲು ದುಡ್ಡು ಬೇಡ

ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಕ್ಯೂಜಿಐಎಸ್ ಅನ್ನೋ ಸಾಫ್ಟ್‌ವೇರ್ ಪೂರ್ತಿ ಉಚಿತ. ಗೂಗಲ್ ಅರ್ಥ್, ಇಸ್ರೋದ ಭುವನ್ ಎರಡೂ ಉಚಿತ. ಸರ್ವೇ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್‌ನಲ್ಲಿ ಹಳ್ಳ, ಕೆರೆ, ಗುಡ್ಡದ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಗೆರೆ) ಸಿಗುತ್ತವೆ. ಸರ್ವೆ ನಂಬರ್ ನೋಡಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಇದೆ.

ನಿಮ್ಮ ಊರಿನ ಒಂದು ಕೆರೆ ಆರಿಸಿಕೊಳ್ಳಿ. ಸೂಳೆಕೆರೆಯಂಥ ದೊಡ್ಡದಕ್ಕೆ ಈಗಲೇ ಕೈ ಹಾಕಬೇಡಿ. ಎರಡು ಗಂಟೆಯಲ್ಲಿ ಸುತ್ತಿ ಬರುವಷ್ಟು ಚಿಕ್ಕದಿರಲಿ. ಅದರ ಏರಿ, ತೂಬು, ಕೋಡಿ, ಅಚ್ಚುಕಟ್ಟು, ನೀರು ಬರುವ ಹಳ್ಳ ಎಲ್ಲವನ್ನೂ ಗುರುತಿಸಿ. ಕೋಡಿ ಬಿದ್ದ ನೀರು ಮುಂದೆ ಯಾವ ಕೆರೆಗೆ ಹೋಗುತ್ತದೆ ಅಂತ ಹಳ್ಳ ಹಿಡಿದು ನಡೆಯಿರಿ. ಊರಿನಲ್ಲಿ ಹಿಂದೆ ನೀರುಗಂಟಿ ಕೆಲಸ, ಅಂದರೆ ಕೆರೆ ನೀರು ಹಂಚುವ ಕೆಲಸ, ಮಾಡಿದವರು ಇದ್ದರೆ ಅವರ ಪಕ್ಕ ಕೂತು ಕೇಳಿ. ಯಾವ ಗದ್ದೆಗೆ ಯಾವ ಸರದಿ, ತೂಬು ಯಾವಾಗ ಎತ್ತುತ್ತಿದ್ದರು, ಹೂಳು ಯಾರು ಹೊಡೆಯುತ್ತಿದ್ದರು. ನನಗೆ ಇಳಿಜಾರು ನೋಡುವುದನ್ನು ಹೇಳಿಕೊಟ್ಟವರಲ್ಲಿ ಅಂಥ ಒಬ್ಬ ಅಜ್ಜ ಇದ್ದರು. ಅವರು ನೆಲ ನೋಡಿ 'ಇಲ್ಲಿ ನೀರು ನಿಲ್ಲಲ್ಲ' ಅಂದರೆ ಲೆವೆಲ್ ಮೆಷಿನ್ ಕೂಡ ಅದನ್ನೇ ಹೇಳುತ್ತಿತ್ತು.

ಆಮೇಲೆ ಒಂದೊಂದೇ ಪದರ ಬರೆಯಿರಿ. ಒಂದು ಹಾಳೆಯಲ್ಲಿ ಇಳಿಜಾರು, ಇನ್ನೊಂದರಲ್ಲಿ ಮಣ್ಣು (ಕೆಂಪು ಎಲ್ಲಿ, ಎರೆ ಎಲ್ಲಿ, ಗೊರಚು ಎಲ್ಲಿ), ಮತ್ತೊಂದರಲ್ಲಿ ನೀರು, ಇನ್ನೊಂದರಲ್ಲಿ ಗಿಡಮರ, ಮತ್ತೊಂದರಲ್ಲಿ ದನಕರು, ಜನ ಓಡಾಡುವ ದಾರಿ. ಎಲ್ಲ ಒಂದರ ಮೇಲೊಂದು ಇಟ್ಟು ನೋಡಿ. ಸ್ಕಾಟ್ಲೆಂಡ್‌ನಲ್ಲಿ ಹುಟ್ಟಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕಲಿಸುತ್ತಿದ್ದ ಇಯಾನ್ ಮೆಕ್‌ಹಾರ್ಗ್ 1960ರ ದಶಕದಲ್ಲಿ ಈ ಪದ್ಧತಿಯನ್ನು ಜಗತ್ತಿಗೆಲ್ಲ ಪರಿಚಯ ಮಾಡಿಸಿದರು. ಎಲ್ಲಿ ಕಟ್ಟಬಾರದು ಅನ್ನೋದು ನೆಲವನ್ನು ಓದಿದರೆ ಮೊದಲೇ ಗೊತ್ತಾಗುತ್ತದೆ ಅನ್ನೋದು ಅವರ ವಾದ. ಇವತ್ತಿನ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ತಂತ್ರ) ಕೂಡ ಹೀಗೇ ಪದರದ ಮೇಲೆ ಪದರ ಇಟ್ಟು ಕೆಲಸ ಮಾಡುತ್ತದೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ನಮ್ಮ ಭಾಗದ ಒಂದು ಕೆರೆಯನ್ನು ಅಭಿವೃದ್ಧಿ ಮಾಡುತ್ತೇವೆ ಎಂದು ಸುತ್ತಲೂ ಏರಿ ಎಬ್ಬಿಸಿದರು. ಮೇಲೆ ಟೈಲ್ಸ್ ಹಾಕಿ ವಾಕಿಂಗ್ ಪಾತ್ ಮಾಡಿದರು, ದೀಪ ಹಾಕಿದರು. ನೀರು ಒಳಗೆ ಬರುವ ಕಡೆಗೂ ಏರಿ. ಹಳ್ಳದ ನೀರು ಒಳಗೆ ಬರಲು ಎರಡು ಪೈಪು ಬಿಟ್ಟರು, ಅವೂ ಕಸ ಕಟ್ಟಿದವು. ಕೆರೆಯ ಅಂಚಿನಲ್ಲಿ ಇದ್ದ ಜೌಗು, ಜೊಂಡು, ಅಲ್ಲಿ ಮೇಯುತ್ತಿದ್ದ ಕೊಕ್ಕರೆ ಎಲ್ಲ ಹೋಯಿತು. ನನಗೆ ಇವತ್ತಿಗೂ ಆ ಕಡೆ ಹೋದರೆ ಹೊಟ್ಟೆ ಉರಿಯುತ್ತದೆ. ನೀವು ಓದುವುದು ಇಂಥ ಕೆಲಸ ಮುಂದೆ ಆಗದ ಹಾಗೆ ನೋಡಿಕೊಳ್ಳಲು. ಕೆರೆಯ ಹಿನ್ನೀರಿನ ಕಡೆ ಇಳಿಜಾರು ಹಾಗೇ ತೆರೆದಿರಬೇಕು. ಈ ಒಂದು ವಿಷಯ ಒಪ್ಪಿಸಲು ಸಾಧ್ಯವಾದರೂ ದೊಡ್ಡದು.

ಗಿಡ ಕಲಿಯುವುದು, ಬಯಲು ಕಲಿಯುವುದು

ಆರ್ಕಿಟೆಕ್ಚರ್ ಕಡೆಯಿಂದ ಬಂದವರು ಸೋಲುವುದು ಗಿಡದಲ್ಲಿ. ಡ್ರಾಯಿಂಗ್‌ನಲ್ಲಿ ಹಸಿರು ವೃತ್ತ ಹಾಕುತ್ತಾರೆ, ಅದು ಯಾವ ಮರ ಅಂದರೆ ಗೊತ್ತಿರಲ್ಲ. ವಾರಕ್ಕೆ ಎರಡೇ ಗಿಡ ಕಲಿಯಿರಿ. ಕನ್ನಡದ ಹೆಸರು, ಸಸ್ಯಶಾಸ್ತ್ರದ ಹೆಸರು, ಎಲೆ ಉದುರುವ ತಿಂಗಳು, ಹೂ ಬಿಡುವ ತಿಂಗಳು, ಎಷ್ಟು ಅಗಲ ಹರಡುತ್ತದೆ, ಯಾವ ಮಣ್ಣು. ಜೋಗಿಮಟ್ಟಿ ಕಾಡಿನ ಅಂಚಿನಲ್ಲಿ ನಡೆದರೆ ಒಣ ಸೀಮೆಯ ಮರಗಿಡಗಳೇ ಪಾಠ ಹೇಳುತ್ತವೆ. ಬೇವು, ಹೊಂಗೆ, ಹುಣಸೆ, ಮುತ್ತುಗ, ಬನ್ನಿ, ಬಂದರಿಕೆ, ಸೀತಾಫಲ. ಜೊತೆಗೆ ಹೊರಗಿನಿಂದ ಬಂದು ಎಲ್ಲೆಡೆ ತುಂಬಿಕೊಂಡಿರುವ ಲಂಟಾನ, ಬಳ್ಳಾರಿ ಜಾಲಿಗಳನ್ನೂ ಗುರುತಿಸಿ. ಎರಡೂ ಅಮೆರಿಕ ಖಂಡದ ಮೂಲದವು. ಫೋಟೋ ತೆಗೆದು ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಗೊತ್ತಿದ್ದವರು ಹೆಸರು ತಿದ್ದುತ್ತಾರೆ. ಹಿರಿಯೂರಿನ ಬಬ್ಬೂರು ಫಾರಂನ ಸಂಶೋಧನಾ ಕೇಂದ್ರಕ್ಕೂ ಒಮ್ಮೆ ಹೋಗಿ. ಒಣ ಭೂಮಿಯಲ್ಲಿ ಏನು ಬದುಕುತ್ತದೆ ಅನ್ನೋದು ಅಲ್ಲಿ ನೆಲದ ಮೇಲೇ ಕಾಣುತ್ತದೆ.

ಮರ ನೆಟ್ಟರೆ ಪರಿಸರ ಉಳಿಯಿತು ಅಂದುಕೊಳ್ಳುವವರೇ ಜಾಸ್ತಿ. ಚಳ್ಳಕೆರೆ ಕಡೆಯ ಅಮೃತಮಹಲ್ ಕಾವಲುಗಳನ್ನು (ಅಮೃತಮಹಲ್ ತಳಿಯ ದನಗಳಿಗೆ ಬಿಟ್ಟ ಬಯಲು) ನೋಡಿ. ಅವು ಹುಲ್ಲುಗಾವಲು. ಕೃಷ್ಣಮೃಗ ಓಡುವ, ಕುರಿ-ದನ ಮೇಯುವ ಬಯಲು. ಚಳ್ಳಕೆರೆಯ ಕಂಬಳಿಗೂ ಇಂಥ ಬಯಲಿಗೂ ನಂಟಿದೆ. ಹುಲ್ಲಿನ ಬೇರು ಮಣ್ಣಿನೊಳಗೆ ಇಂಗಾಲವನ್ನು ಹಿಡಿದಿಡುತ್ತದೆ. ಆ ನೆಲದಲ್ಲಿ ಸಾಲಾಗಿ ಮರ ನೆಟ್ಟರೆ ಬಯಲಿನ ಪ್ರಾಣಿ, ಹಕ್ಕಿ, ಕುರಿಗಾಹಿ ಎಲ್ಲರಿಗೂ ನಷ್ಟ. ಸರ್ಕಾರಿ ದಾಖಲೆಯಲ್ಲಿ ಇಂಥ ಎಷ್ಟೋ ಜಾಗ ಬಂಜರು ಅಂತ ಸೇರಿಕೊಂಡಿದೆ. ಬ್ರೆಜಿಲ್‌ನ ಸೆರಾಡೋ, ಆಫ್ರಿಕಾದ ಸವನ್ನಾ ಎಂಬ ಹುಲ್ಲುಬಯಲುಗಳಲ್ಲೂ ಇದೇ ಜಗಳ ನಡೆಯುತ್ತಿದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗಕ್ಕೂ ಹೋಗಿ ಬನ್ನಿ. ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಕಾಡುಪ್ರಾಣಿ) ಉಳಿಸಿದ ಕುರುಚಲು ಕಾಡು ಅದು. ಕುರುಚಲು ಕಾಡು ನೋಡಲು ಬಡವಾಗಿ ಕಾಣುತ್ತದೆ. ಅರ್ಧ ದಿನ ಕೂತರೆ ಅಲ್ಲಿ ಎಷ್ಟು ಜೀವ ಇದೆ ಅಂತ ಗೊತ್ತಾಗುತ್ತದೆ. ಜಾಗತಿಕ ಸಸ್ಟೈನಬಿಲಿಟಿಯ ಯಾವ ಕೋರ್ಸ್ ಸೇರಿದರೂ ಈ ಬಯಲಿನ ಪ್ರಶ್ನೆಯನ್ನು ಜೊತೆಗೆ ಒಯ್ಯಿರಿ.

ಪ್ರವೇಶ, ಕಾಲೇಜು

ಇದು ಬೇಗ ಹೇಳಿ ಮುಗಿಸುತ್ತೇನೆ. ನಮ್ಮ ದೇಶದಲ್ಲಿ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಆಗುವ ರೂಢಿಯ ದಾರಿ ಎಂದರೆ ಐದು ವರ್ಷದ ಬಿ.ಆರ್ಕ್, ಆಮೇಲೆ ಎರಡು ವರ್ಷದ ಮಾಸ್ಟರ್ಸ್. ಬಿ.ಆರ್ಕ್‌ಗೆ ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ನಾಟಾ ಪರೀಕ್ಷೆ ಬರೆಯಬೇಕು. ಕರ್ನಾಟಕದ ಸೀಟುಗಳಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಾಟಾ ಅಂಕ, ಪಿಯುಸಿ ಅಂಕ ಎರಡನ್ನೂ ಸೇರಿಸಿ ರ‍್ಯಾಂಕ್ ಕೊಡುತ್ತದೆ. ದೆಹಲಿ, ಭೋಪಾಲ್, ವಿಜಯವಾಡದ ಎಸ್‌ಪಿಎಗಳಿಗೆ (ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್), ಎನ್‌ಐಟಿಗಳಿಗೆ ಜೆಇಇ ಮೇನ್‌ನ ಆರ್ಕಿಟೆಕ್ಚರ್ ಪೇಪರ್. ನಿಯಮ ವರ್ಷ ವರ್ಷ ಬದಲಾಗುತ್ತದೆ, ಆಯಾ ವರ್ಷದ ಕೈಪಿಡಿಯನ್ನೇ ನೋಡಿ.

ಮಾಸ್ಟರ್ಸ್‌ಗೆ ದೆಹಲಿಯ ಎಸ್‌ಪಿಎ, ಅಹಮದಾಬಾದ್‌ನ ಸೆಪ್ಟ್ ಹಳೆಯ, ಗಟ್ಟಿ ವಿಭಾಗಗಳು. ಗೇಟ್‌ನಲ್ಲಿ ಆರ್ಕಿಟೆಕ್ಚರ್ ಅಂಡ್ ಪ್ಲಾನಿಂಗ್ ಪೇಪರ್ ಬರೆದಿಟ್ಟುಕೊಂಡರೆ ಉಪಯೋಗಕ್ಕೆ ಬರುತ್ತದೆ. ಗಿಡದ ಕಡೆ ಒಲವು ಜಾಸ್ತಿ ಇದ್ದರೆ ತೋಟಗಾರಿಕೆ ಓದಿ, ಮುಂದೆ ಫ್ಲೋರಿಕಲ್ಚರ್ ಮತ್ತು ಲ್ಯಾಂಡ್‌ಸ್ಕೇಪ್ ಕಡೆ ಹೋಗಬಹುದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಆ ವಿಭಾಗ ಇದೆ. ಅದು ಆರ್ಕಿಟೆಕ್ಟ್ ಪದವಿ ಅಲ್ಲ, ಆದರೆ ಅದನ್ನು ಓದಿದವರು ಗಿಡ-ಮಣ್ಣಿನ ತಿಳಿವಳಿಕೆಯಲ್ಲಿ ನಮಗಿಂತ ಮುಂದಿರುತ್ತಾರೆ.

ಸೇರುವ ಮೊದಲು ಕಾಲೇಜಿಗೆ ಹೋಗಿ ಕೊನೆ ವರ್ಷದವರನ್ನು ಮಾತಾಡಿಸಿ. ಫೀಲ್ಡ್‌ಗೆ ಎಷ್ಟು ಕರೆದುಕೊಂಡು ಹೋಗುತ್ತಾರೆ, ಕಲಿಸುವವರಲ್ಲಿ ಪರಿಸರ ವಿಜ್ಞಾನದವರು, ಸಸ್ಯಶಾಸ್ತ್ರದವರು ಇದ್ದಾರಾ ಕೇಳಿ. ಕಟ್ಟಡಕ್ಕಿಂತ ಇದು ಮುಖ್ಯ.

ಹೊರಗಿನ ಉದಾಹರಣೆ ಓದುವ ಬಗೆ

ಯಾವ ದೇಶದ ಪ್ರಾಜೆಕ್ಟ್ ಕಂಡರೂ ನಾನು ಮೂರು ವಿಷಯ ಹುಡುಕುತ್ತೇನೆ. ಅಲ್ಲಿ ಮಳೆ ಎಷ್ಟು, ಹೇಗೆ ಬೀಳುತ್ತದೆ? ಮೊದಲು ಅಲ್ಲಿ ಏನಿತ್ತು? ಮೂರನೇ ವರ್ಷದ ಬೇಸಿಗೆಯಲ್ಲಿ ಅದನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಸಂಬಳ ಯಾರು ಕೊಡುತ್ತಾರೆ?

ಸಿಂಗಪುರದ ಬಿಶಾನ್ ಪಾರ್ಕ್ ನೋಡಿ. ಕಲ್ಲಾಂಗ್ ನದಿಯನ್ನು ಹಿಂದೆ ನೇರವಾದ ಕಾಂಕ್ರೀಟ್ ಕಾಲುವೆ ಮಾಡಿದ್ದರು. 2012ರ ಹೊತ್ತಿಗೆ ಆ ಕಾಂಕ್ರೀಟ್ ಒಡೆದು, ನದಿಯನ್ನು ಮತ್ತೆ ಅಂಕುಡೊಂಕಾಗಿ ಹರಿಯಲು ಬಿಟ್ಟರು. ದಡದಲ್ಲಿ ಹುಲ್ಲು, ಗಿಡ. ಮಳೆ ಬಂದರೆ ಪಾರ್ಕೇ ನದಿಯ ಹರವು. ತುಂಬ ಒಳ್ಳೆಯ ಕೆಲಸ. ಆದರೆ ಸಿಂಗಪುರದಲ್ಲಿ ವರ್ಷಕ್ಕೆ 2,000 ಮಿ.ಮೀ.ಗೂ ಮೀರಿ, ಹೆಚ್ಚುಕಡಿಮೆ ಎಲ್ಲ ತಿಂಗಳೂ ಮಳೆ. ದಾವಣಗೆರೆಯಲ್ಲಿ ಅದೇ ಗಿಡ ನೆಟ್ಟು ಅದೇ ಚಿತ್ರ ಬರೆದರೆ ಫೆಬ್ರವರಿಗೆ ಒಣಗುತ್ತದೆ. ಅಲ್ಲಿಂದ ತರಬೇಕಾದ್ದು ದಡವನ್ನು ಗೋಡೆ ಮಾಡದೆ ಇಳಿಜಾರಾಗಿ ಬಿಡುವ ಆಲೋಚನೆ. ಗಿಡದ ಪಟ್ಟಿ ನಮ್ಮ ಹಳ್ಳದ್ದೇ ಇರಲಿ.

ಕೋಪನ್‌ಹೇಗನ್ ಇನ್ನೊಂದು. 2011ರ ಜುಲೈ 2ರಂದು ಅಲ್ಲಿ ಕೆಲವೇ ಗಂಟೆಗಳಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದು ಊರು ಮುಳುಗಿತು. ಮರುವರ್ಷವೇ ಅವರು ಕ್ಲೌಡ್‌ಬರ್ಸ್ಟ್ (ದಿಢೀರ್ ಜಡಿಮಳೆ) ಯೋಜನೆ ಮಾಡಿದರು. ಜೋರು ಮಳೆಯಾದಾಗ ಯಾವ ರಸ್ತೆ ಕಾಲುವೆ ಆಗಬೇಕು, ಯಾವ ಪಾರ್ಕು ಹೊಂಡ ಆಗಬೇಕು ಅಂತ ಊರನ್ನೇ ಭಾಗ ಮಾಡಿ ಬರೆದರು. ಸ್ವಾರಸ್ಯ ಏನೆಂದರೆ, ಆ ಊರಿನ ವಾರ್ಷಿಕ ಮಳೆ ನಮ್ಮ ಸೀಮೆಗೆ ಹತ್ತಿರದ್ದೇ. ಆದರೆ ಅವರಿಗೆ ವರ್ಷಪೂರ್ತಿ ಹಂಚಿ ಬೀಳುತ್ತದೆ, ಬಿಸಿಲು ಕಡಿಮೆ, ನೀರು ಆವಿಯಾಗುವುದೂ ಕಡಿಮೆ. ಒಂದೇ ಅಂಕಿ, ಬೇರೆ ನೆಲ. ಹವಾಮಾನದ ಪಾಠ ಇಲ್ಲಿಂದಲೇ ಶುರು ಮಾಡಬಹುದು.

ಚೀನಾದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಕೊಂಗ್ಜಿಯಾನ್ ಯು ಅವರ ಕೆಲಸವನ್ನು ತಪ್ಪದೆ ನೋಡಿ. ಹಳ್ಳಿಯಲ್ಲಿ ಬೆಳೆದು, ಅಲ್ಲಿನ ರೈತರ ಹೊಂಡ, ಬದುಗಳಿಂದ ಕಲಿತವರು. ಊರು ನೀರನ್ನು ಓಡಿಸುವ ಬದಲು ಹೀರಿಕೊಳ್ಳಬೇಕು ಅಂತ ವಾದಿಸಿದರು. 2015ರಲ್ಲಿ ಚೀನಾ ಹದಿನಾರು ಊರುಗಳಲ್ಲಿ ಇದನ್ನು ಪ್ರಯೋಗಕ್ಕೆ ಇಳಿಸಿತು. 2025ರಲ್ಲಿ ಬ್ರೆಜಿಲ್‌ನಲ್ಲಿ ನಡೆದ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಕೆಲಸ ಸಾಗಲಿಲ್ಲ.

ದೂರ ಹೋಗಲಾಗದಿದ್ದರೆ ಬೆಂಗಳೂರಿನ ಜಕ್ಕೂರು ಕೆರೆಗೆ ಹೋಗಿ. ಶುದ್ಧೀಕರಿಸಿದ ಚರಂಡಿ ನೀರು ಜೌಗಿನ ಮೂಲಕ ಸಾಗಿ ಕೆರೆ ಸೇರುವುದನ್ನು ಕಣ್ಣಾರೆ ನೋಡಬಹುದು.

ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಸುಸ್ಥಿರ ಅಭಿವೃದ್ಧಿಯ 17 ಗುರಿಗಳನ್ನು ಸ್ಟುಡಿಯೋದಲ್ಲಿ (ಡಿಸೈನ್ ತರಗತಿ) ಎಲ್ಲರೂ ಶೀಟ್ ಮೇಲೆ ಅಂಟಿಸುತ್ತಾರೆ. ಬಣ್ಣದ ಚೌಕ ಅಂಟಿಸಿದರೆ ಏನೂ ಆಗಲ್ಲ. ನಿಮ್ಮ ಕೆರೆಗೆ 6ನೇ ಗುರಿ, ಅಂದರೆ ನೀರು, ಹೇಗೆ ಸಂಬಂಧ ಅಂತ ಲೀಟರ್‌ಗಳಲ್ಲಿ ಬರೆಯಿರಿ. 15ನೇದು ನೆಲದ ಮೇಲಿನ ಜೀವ. ಅದನ್ನು ಎಷ್ಟು ಬಗೆಯ ಹಕ್ಕಿ, ಎಷ್ಟು ಬಗೆಯ ಹುಲ್ಲು ಅಂತ ಎಣಿಸಿ ಬರೆಯಿರಿ. ಇಂಗಾಲದ ವಿಷಯ ಬಂದಾಗ ಸಿಮೆಂಟ್ ನೆನಪಿರಲಿ. ಜಗತ್ತಿನ ಇಂಗಾಲದ ಡೈಆಕ್ಸೈಡ್‌ನಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ತಯಾರಿಕೆಯಿಂದ ಬರುತ್ತದೆ. ಪಾರ್ಕಿನಲ್ಲಿ ಒಂದು ಕಾಂಕ್ರೀಟ್ ದಾರಿ ಕಡಿಮೆ ಮಾಡಿ ಗೊರಚು ಹಾಸಿದರೂ ಲೆಕ್ಕದಲ್ಲಿ ಕಾಣುತ್ತದೆ. ಪಾತ್‌ಫೈಂಡರ್ ಅನ್ನೋ ಉಚಿತ ಆನ್‌ಲೈನ್ ಸಾಧನದಲ್ಲಿ ಇಂಥ ಲೆಕ್ಕ ಹಾಕಿ ನೋಡಬಹುದು. ಅದು ಅಮೆರಿಕದಲ್ಲಿ ತಯಾರಾದ್ದು, ಹಾಗಾಗಿ ಉತ್ತರವನ್ನು ಅಂದಾಜು ಎಂದೇ ಹಿಡಿಯಿರಿ.

ಹೊರದೇಶಕ್ಕೆ ಹೋಗುವುದಾದರೆ

ಇಂಗ್ಲೆಂಡಿನ ಶೆಫೀಲ್ಡ್, ನೆದರ್ಲೆಂಡ್ಸ್‌ನ ವಾಗನಿಂಗನ್ ಮತ್ತು ಡೆಲ್ಫ್ಟ್, ಅಮೆರಿಕದ ಹಾರ್ವರ್ಡ್, ಪೆನ್ಸಿಲ್ವೇನಿಯಾ ಹೆಸರಾದ ಕಡೆಗಳು. ನೀರಿನ ಕೆಲಸ ಕಲಿಯುವ ಆಸೆ ಇದ್ದರೆ ನನ್ನ ಒಲವು ನೆದರ್ಲೆಂಡ್ಸ್ ಕಡೆಗೆ. ಸಮುದ್ರಕ್ಕಿಂತ ತಗ್ಗಿನಲ್ಲಿ ಬದುಕುವವರು, ನದಿಗೆ ಜಾಗ ಬಿಟ್ಟುಕೊಡುವುದನ್ನು ಕಷ್ಟಪಟ್ಟು ಕಲಿತವರು ಅವರು.

ದುಡ್ಡಿನ ಮಾತು ಮನೆಯಲ್ಲಿ ಮೊದಲೇ ಆಡಿ. ಅಡಿಕೆ ತೋಟ ಅಡ ಇಟ್ಟು ಹೋಗಬೇಡಿ. ಪರಿಶಿಷ್ಟ ಜಾತಿಯ, ಭೂಮಿ ಇಲ್ಲದ ಕೃಷಿ ಕೂಲಿಗಳ, ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಯುರೋಪಿಗಾದರೆ ಎರಾಸ್ಮಸ್ ಮುಂಡಸ್ ಸ್ಕಾಲರ್‌ಶಿಪ್ ನೋಡಿ. ಸ್ಕಾಲರ್‌ಶಿಪ್ ಅರ್ಜಿಯ ಕೊನೆ ದಿನ ಕೋರ್ಸ್ ಶುರುವಾಗುವುದಕ್ಕೆ ಎಷ್ಟೋ ತಿಂಗಳು ಮೊದಲೇ ಇರುತ್ತದೆ. ಹಾಗಾಗಿ ಒಂದು ವರ್ಷ ಮುಂಚೆಯೇ ತಯಾರಿ ಶುರು ಮಾಡಿ.

ಅರ್ಜಿಯ ಜೊತೆ ಕೊಡುವ ಪೋರ್ಟ್‌ಫೋಲಿಯೋದಲ್ಲಿ (ನಿಮ್ಮ ಕೆಲಸಗಳ ಸಂಗ್ರಹ) ಕಂಪ್ಯೂಟರ್‌ನಲ್ಲಿ ಹೊಳೆಯುವ ಚಿತ್ರಗಳನ್ನು ತುಂಬಬೇಡಿ. ಅವು ಎಲ್ಲರ ಹತ್ತಿರ ಇರುತ್ತವೆ. ನಿಮ್ಮ ಕೆರೆಯ ಪದರ ಪದರದ ನಕ್ಷೆ, ಕೈಯಲ್ಲಿ ಬರೆದ ಸೆಕ್ಷನ್, ಮಳೆ ಲೆಕ್ಕ, ಜೂನ್‌ನಲ್ಲಿ ಮತ್ತು ಏಪ್ರಿಲ್‌ನಲ್ಲಿ ಒಂದೇ ಜಾಗದಿಂದ ತೆಗೆದ ಎರಡು ಫೋಟೋ, ನೀವೇ ನೆಟ್ಟ ಗಿಡಗಳಲ್ಲಿ ಎಷ್ಟು ಬದುಕಿದವು ಅನ್ನೋ ಪಟ್ಟಿ ಇರಲಿ. ಸತ್ತ ಗಿಡಗಳನ್ನೂ ಬರೆಯಿರಿ, ಯಾಕೆ ಸತ್ತವು ಅಂತಲೂ ಬರೆಯಿರಿ. ಆಯ್ಕೆ ಮಾಡುವವರು ಆ ಪುಟದ ಮೇಲೆ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ನಿಮಗೆ ಪುಸ್ತಕ ಬೇಕಾಗಲ್ಲ.